ರಂಗಧಾಮಯ್ಯನ ಖಡಾಖಂಡಿತ ಅಭಿಪ್ರಾಯ

ಮಾಗಡಿಯಿಂದ ಮೂರು ಕಿಲೋಮೀಟರ್ ಆಚೆ ಕಲ್ಲುಕಟ್ಟೆ ಗೇಟಿನಲ್ಲಿ ಹಿಟ್ಟಿನ ಮಿಷನ್ನು ಇಟ್ಟುಕೊಂಡಿದ್ದ ರಂಗಧಾಮಯ್ಯನಿಗೆ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲೆ ಯಾವುದೂ ಇರಲಿಲ್ಲ. ಭೂಮಿಯಿಂದ ಆಚೆಗೂ ಇರಲಿಲ್ಲ. ರಾಕೆಟ್ಟು ಚಂದ್ರನ ಮೇಲೆ ಇಳಿದ ದಿನ ದೇಶವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಅವನು ಆ ಸುದ್ದಿಯ ಕೆಳಗೆ, “ಚಂದ್ರನ ಮೇಲೆ ಇಳಿಯುವುದು ದೊಡ್ಡದಲ್ಲ. ಸಂಜೆಯ ಮಾಗಡಿ ಬಸ್ಸಿನಿಂದ ನಮ್ಮ ಗೇಟಿನಲ್ಲಿ ಇಳಿದು ತೋರಿಸಲಿ” ಎಂದು ಬರೆದಿದ್ದ. ಯಂತ್ರಗಳಿಗೆ ಬುದ್ಧಿ ಬರುತ್ತಿದೆಯಂತೆ ಎಂಬ ಸುದ್ದಿ ಕಂಡಾಗ, “ಬುದ್ಧಿ ಬಂದ ಯಂತ್ರ ಮೊದಲು ಕೆಲಸ ಬಿಡುತ್ತದೆ. ನಮ್ಮ ಮಿಷನ್ನಿಗೆ ಅದು ಇಲ್ಲದ್ದರಿಂದಲೇ ಹದಿನೆಂಟು ವರ್ಷದಿಂದ ಓಡುತ್ತಿದೆ” ಎಂದಿದ್ದ. ಮನೆಗೆ ಎಷ್ಟು ಮಕ್ಕಳಿರಬೇಕು ಎಂದು ಯಾರೋ ಕೇಳಿದ್ದಕ್ಕೆ, “ಒಂದಿದ್ದರೆ ಮೊಂಡು, ಎರಡಿದ್ದರೆ ಜಗಳ, ಮೂರಿದ್ದರೆ ಪಂಚಾಯಿತಿ. ಸರ್ಕಾರ ಯೋಚಿಸಿ ತೀರ್ಮಾನಿಸಲಿ” ಎಂದು ಸರ್ಕಾರಕ್ಕೆ ಒಂದಿಷ್ಟು ಕಾಲಾವಕಾಶವನ್ನೂ ಕೊಟ್ಟಿದ್ದ.

ಪ್ರತಿ ಅಭಿಪ್ರಾಯದ ಕೆಳಗೂ “ಇಂತಿ, ರಂಗಧಾಮಯ್ಯ, ಚಿಂತಕರು, ಮಾಗಡಿ ತಾಲ್ಲೂಕು” ಎಂದು ಫೋನೇ ತಾನಾಗಿ ಸೇರಿಸುತ್ತಿತ್ತು. ಬಿದ್ದ ಲೈಕುಗಳು ಯಾವಾಗಲೂ ಎರಡು. ಒಂದು ಅವನದೇ. ಇನ್ನೊಂದು, ಮಿಷನ್ನಿನ ಪಕ್ಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗಫಾರನದು. ಗಫಾರ್ ಓದಿ ಒತ್ತುತ್ತಿದ್ದನೋ ಓದದೆ ಒತ್ತುತ್ತಿದ್ದನೋ, ರಂಗಧಾಮಯ್ಯ ಆ ವಿಚಾರಣೆಗೆ ಹೋದವನಲ್ಲ.

ಬೆರಳಿಗೆ ಸದಾ ಹಿಟ್ಟು ಮೆತ್ತಿರುತ್ತಿದ್ದುದರಿಂದ ಟೈಪು ಮಾಡುವುದು ಅವನಿಗೆ ಆಗದ ಕೆಲಸ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುವ ವಿದ್ಯೆಯನ್ನು ಗಫಾರನೇ ಹೇಳಿಕೊಟ್ಟಿದ್ದ. ಅಂದಿನಿಂದ ರಾಗಿ ಸುರಿಯಲು ಬಂದವರು, ಚಿಂತಕರು ಫೋನನ್ನು ಗದ್ದದ ಹತ್ತಿರ ಹಿಡಿದು ದೇಶಕ್ಕೆ ಬುದ್ಧಿ ಹೇಳಿ ಮುಗಿಸುವವರೆಗೆ ಚೀಲ ಹಿಡಿದು ನಿಂತಿರಬೇಕಾಗುತ್ತಿತ್ತು.

ಆ ಸೋಮವಾರ ಒಂದು ಸುದ್ದಿಪುಟದವರು, “ಮನೆಗೆಲಸದಲ್ಲಿ ಗಂಡಸರಿಗೂ ಸಮಪಾಲು ಇರಬೇಕೆಂದು ಸರ್ಕಾರ ಒಂದು ನೀತಿ ತರಬೇಕೆ? ನಿಮ್ಮ ಅಭಿಪ್ರಾಯ ತಿಳಿಸಿ” ಎಂದು ಕೇಳಿದ್ದರು. ತನ್ನನ್ನೇ ಹೆಸರು ಹಿಡಿದು ಕೇಳಿದಂತಾಯಿತು ರಂಗಧಾಮಯ್ಯನಿಗೆ. ಕನ್ನಡಕ ತಲೆಯ ಮೇಲಕ್ಕೆ ಹೋಯಿತು, ಫೋನು ಗದ್ದದ ಕೆಳಕ್ಕೆ ಬಂತು. ಹೆಂಡತಿ ಲತಾಮಣಿ ಅತ್ತ ನಿಂತು ಯಾರದೋ ರಾಗಿಯನ್ನು ಜರಡಿ ಹಿಡಿಯುತ್ತಿದ್ದಳು. ರಂಗಧಾಮಯ್ಯ ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಕುಟ್ಟಿ ಕುಟ್ಟಿ ಹೇಳಿದ:

“ಗಂಡಸಾದವನು ಬೆಳಿಗ್ಗೆ ಎದ್ದು ಒಲೆ ಹಚ್ಚಬೇಕು, ಮುದ್ದೆ ತೊಳಸಬೇಕು, ಪಾತ್ರೆ ಬೆಳಗಬೇಕು, ಹೆಂಡತಿಯಾದವಳು ಹೊರಗೆ ಹೋಗಿ ನಾಲ್ಕು ಜನ ಮೆಚ್ಚುವ ಕೆಲಸ ಮಾಡಬೇಕು...”

ಅಲ್ಲಿಗೆ ಮಿಷನ್ನು ಧಡಧಡನೆ ಶುರುವಾಯಿತು. ರಂಗಧಾಮಯ್ಯ ಅದಕ್ಕೆಲ್ಲ ನಿಲ್ಲುವವನಲ್ಲ. “...ಅನ್ನುವ ಕಾನೂನು ತಂದರೆ ಸಂಸಾರಗಳು ಮೂರಾಬಟ್ಟೆಯಾಗುತ್ತವೆ, ಇದಕ್ಕೆ ನನ್ನ ಖಡಾಖಂಡಿತ ವಿರೋಧವಿದೆ” ಎಂದು ಧ್ವನಿ ಏರಿಸಿ ಮುಗಿಸಿ, ಓದದೆಯೇ ಕಳಿಸಿಬಿಟ್ಟ. ಮಿಷನ್ನಿನ ಸದ್ದಿನಲ್ಲಿ ಈ ಎರಡನೆಯ ಅರ್ಧ ಫೋನಿಗೆ ಕೇಳಲಿಲ್ಲ. ನಡುವೆ ಒಮ್ಮೆ ಬೆಲ್ಟು ಜಾರಿ ಅರೆಕ್ಷಣ ಸದ್ದು ಅಡಗಿದಾಗ ಒಂದೇ ಒಂದು ಪದ ಅದರ ಕಿವಿಗೆ ಬಿತ್ತು. ಹೀಗಾಗಿ ಲೋಕಕ್ಕೆ ತಲುಪಿದ್ದು ಇಷ್ಟು: “ಗಂಡಸಾದವನು ಬೆಳಿಗ್ಗೆ ಎದ್ದು ಒಲೆ ಹಚ್ಚಬೇಕು, ಮುದ್ದೆ ತೊಳಸಬೇಕು, ಪಾತ್ರೆ ಬೆಳಗಬೇಕು, ಹೆಂಡತಿಯಾದವಳು ಹೊರಗೆ ಹೋಗಿ ನಾಲ್ಕು ಜನ ಮೆಚ್ಚುವ ಕೆಲಸ ಮಾಡಬೇಕು. ಖಡಾಖಂಡಿತ. ಇಂತಿ, ರಂಗಧಾಮಯ್ಯ, ಚಿಂತಕರು, ಮಾಗಡಿ ತಾಲ್ಲೂಕು.”

ಚಿಂತಕರು ಮಿಷನ್ನಿನ ಹಿಂದೆಯೇ ಇದ್ದ ಮನೆಗೆ ಹೋಗಿ, ಬಡಿಸಿದ್ದನ್ನು ಉಂಡು, ತಟ್ಟೆಯನ್ನು ಇದ್ದಲ್ಲೇ ಬಿಟ್ಟು ಮಲಗಿದರು.

ನಾಲ್ಕು ಗಂಟೆಗೆ ಗಫಾರ್ ಓಡಿಬಂದ. ಒಂದು ಕೈಯಲ್ಲಿ ಯಾರದೋ ಬಿಚ್ಚಿದ ಫೋನು, ಇನ್ನೊಂದರಲ್ಲಿ ತನ್ನದು.

“ಅಣ್ಣಾ, ಏನ್ ಬರ್ದ್ಬುಟ್ಟೆ ನೀನು? ಮೂವತ್ತೆಂಟು ಸಾವಿರ!”

“ಏನು ಮೂವತ್ತೆಂಟು ಸಾವಿರ?”

“ಲೈಕು ಅಣ್ಣಾ, ಲೈಕು! ಒಬ್ಬಳು ಹೆಣ್ಮಗಳು ಬರ್ದವಳೆ, ‘ನಿಮ್ಮಂಥೋರು ಮನೆಗೊಬ್ಬರಿರಬೇಕು’ ಅಂತ. ಇನ್ನೊಬ್ಬರು ‘ಮಾಗಡಿಯ ಮಣ್ಣಿಗೆ ನಮಸ್ಕಾರ’ ಅಂದವ್ರೆ. ನಿನ್ ಫೋಟೋಗೆ ಯಾರೋ ಹಾರಾನೂ ಹಾಕವ್ರೆ. ಬದುಕಿರೋರ ಹಾರಾನೇ, ನೋಡ್ದೆ ನಾನು.”

ರಂಗಧಾಮಯ್ಯ ಕನ್ನಡಕ ಇಳಿಸಿಕೊಂಡು ತನ್ನ ಅಭಿಪ್ರಾಯವನ್ನು ಮೊದಲ ಸಲ ಓದಿದ. ಮುಖದ ಬಣ್ಣ ರಾಗಿಯಿಂದ ಅಕ್ಕಿಗೆ ಬಂತು.

“ಲೇ ಗಫಾರು, ನಾನಂದಿದ್ದು ಇದಲ್ಲ ಕಣ್ಲಾ! ವಿರೋಧ ಅಂದಿದ್ದೆ!”

“ಹಂಗಾರೆ ಅಳಿಸಾಕ್ಬುಡ್ಲಾ? ಒಂದೇ ನಿಮಿಷ.”

ಗಫಾರನ ಬೆರಳು ಫೋನಿನ ಕಡೆ ಹೋಗುತ್ತಿದ್ದಂತೆ ಅಲ್ಲಿನ ಅಂಕಿ ಮೂವತ್ತೊಂಬತ್ತು ಸಾವಿರವಾಯಿತು. ರಂಗಧಾಮಯ್ಯ ಗಫಾರನ ಕೈ ಹಿಡಿದುಕೊಂಡ. “ತಾಳು, ಒಸಿ ತಾಳು. ಇಷ್ಟು ಜನ ಒಪ್ಕಂಡವ್ರೆ ಅಂದ್ರೆ ಅದ್ರಲ್ಲೇನೋ ಇರ್ಬೇಕಲ್ವಾ? ಪ್ರಜಾಪ್ರಭುತ್ವದಲ್ಲಿ ಜನಕ್ಕೆ ತಲೆ ಬಾಗ್ಬೇಕಪ್ಪ.”

ಜನಕ್ಕೆ ತಲೆಬಾಗಬೇಕೆಂದು ಹೇಳಿದ ಆ ತಲೆ ಅಂದಿನಿಂದ ಎಷ್ಟು ಎತ್ತರಕ್ಕೆ ಎದ್ದಿತೆಂದರೆ, ಮಿಷನ್ನಿನ ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿಯಿತು.

ಮಾರನೆಯ ದಿನ ಗೇಟಿನ ಹೆಂಗಸರು ರಾಗಿ ಬೀಸಿಸಲೆಂದು ಬಂದರು. ರಾಗಿ ಇಲ್ಲದವರು ಖಾಲಿ ಚೀಲ ಹಿಡಿದುಕೊಂಡೇ ಬಂದರು. “ಎಂಥ ಮಾತು ಬರ್ದ್ಯಪ್ಪ ರಂಗಣ್ಣ, ನಮ್ಮನೆಯವ್ರಿಗೆ ಮೂರು ಸಲ ಓದಿ ಹೇಳ್ದೆ” ಎಂದಳು ಒಬ್ಬಳು. ಅವಳ ಗಂಡ ಎದುರಿನ ಟೀ ಅಂಗಡಿಯಲ್ಲಿ ಕೂತು ರಂಗಧಾಮಯ್ಯನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಅಭಿಮಾನದ ಲವಲೇಶವೂ ಇರಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ರಂಗಧಾಮಯ್ಯನಿಗೆ ಖಾಯಂ ಆಗಿದ್ದ ಜಾಗದಲ್ಲಿ ಆ ದಿನದಿಂದ ಯಾರೋ ಒಂದು ಚೀಲ ಇಡತೊಡಗಿದರು.

ಚನ್ನಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ಸಿರಿಯ ಫೋನು ಬಂತು.

“ಅಪ್ಪಾ, ನಿಮ್ಮಳಿಯ ಇವತ್ತು ಪಾತ್ರೆ ತೊಳುದ್ರು! ನಮ್ಮತ್ತೆಯೇ ನಿಮ್ಮ ಬರಹ ತೋರ್ಸಿ, ‘ನೋಡಪ್ಪ, ನಿಮ್ಮ ಮಾವ ಎಂಥೋರು, ನೀನೂ ಅವ್ರಂಗೆ ಆಗು’ ಅಂದ್ರಂತೆ.”

“ಪಾತ್ರೆ ತೊಳುದ್ನಾ? ಅಳಿಯಾ?” ಎಂದ ರಂಗಧಾಮಯ್ಯ. ಅಳಿಯನ ಪಾಡಿಗೆ ಮರುಕವೋ, ಬೀಗರ ಮನೆಯಲ್ಲಿ ಸಿಕ್ಕ ಮರ್ಯಾದೆಗೆ ಸಂತೋಷವೋ ಅವನಿಗೇ ತಿಳಿಯಲಿಲ್ಲ. “ಲೋಟಗೀಟ ಒಡೆದಾಕಿಲ್ಲ ತಾನೆ?” ಎಂದಷ್ಟೇ ಕೇಳಿದ.

ಇಷ್ಟೆಲ್ಲ ಆದರೂ ಲತಾಮಣಿ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಮೂರನೆಯ ದಿನ ಕಾಫಿ ತಂದು ಅವನ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು.

“ನಮ್ಮ ಮಹಿಳಾ ಡೈರಿಗೆ ಸೆಕ್ರೆಟರಿ ಬೇಕು ಅಂತ ಯುಗಾದಿ ಹೊತ್ಗೆ ಕೇಳಿದ್ರಲ್ಲ, ಆಗ ನೀವು ‘ಮನೆ ಯಾರು ನೋಡ್ಕಳಾರು’ ಅಂದಿದ್ರಿ. ಈಗ ನನ್ ಹೆಸರು ಕೊಟ್ಟು ಬಂದೆ. ಒಂದು ತಿಂಗಳು ನೋಡಿ ಖಾಯಂ ಮಾಡ್ತಾರಂತೆ. ಸೋಮವಾರದಿಂದ ಬೆಳಗ್ಗೆ ಐದುಕ್ಕೇ ಹೋಗ್ಬೇಕು. ಸಂಜೆ ಐದೂವರೆಗೆ ಇನ್ನೊಂದು ಸಲ.”

ರಂಗಧಾಮಯ್ಯ ಕಾಫಿ ಲೋಟವನ್ನು ತುಟಿಗೆ ಇಟ್ಟವನು ಹಾಗೆಯೇ ಇಟ್ಟುಕೊಂಡಿದ್ದ. “ಬೆಳಗ್ಗೆ ಐದುಕ್ಕೆ ಹೋದ್ರೆ... ತಿಂಡಿ?”

“ಅದನ್ನ ನೀವೇ ಬರ್ದಿದ್ದೀರಲ್ಲ,” ಎಂದಳು ಲತಾಮಣಿ. “ಖಡಾಖಂಡಿತ ಅಂತ.”

ಆ ಬರಹಕ್ಕೆ ಅಷ್ಟು ಹೊತ್ತಿಗೆ ಐವತ್ತು ಸಾವಿರ ಜನ ಸಾಕ್ಷಿಗಳಿದ್ದರು. ಜೀವನದಲ್ಲಿ ಮೊದಲ ಸಲ ಅವನ ಬಳಿ ಒಂದು ವಿಷಯದ ಮೇಲೆ ಅಭಿಪ್ರಾಯ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಲತಾಮಣಿ ಡೈರಿಗೆ ಹೊರಟುಹೋದ ಮೇಲೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಆ ಮನೆ ಕಟ್ಟಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಅಡುಗೆಮನೆಯಲ್ಲಿ ಕಿಟಕಿ ಇದೆಯೆಂಬುದು ಆ ದಿನ ಗೊತ್ತಾಯಿತು. ಉಪ್ಪು ಹುಡುಕಿದ. ಒಂದೇ ಬಗೆಯ ಹನ್ನೊಂದು ಡಬ್ಬಿಗಳು ಸಾಲಾಗಿ ನಿಂತು ಅವನನ್ನು ನೋಡುತ್ತಿದ್ದವು. ಒಂದರಲ್ಲಿ ಸೋಡಾಪುಡಿ, ಒಂದರಲ್ಲಿ ರವೆ, ಒಂದರಲ್ಲಿ ಗುಂಡಿ, ಸೂಜಿ, ದಾರ. ಆರೂವರೆಗೆ ಗಫಾರನಿಗೆ ಫೋನು ಹೋಯಿತು.

“ಗಫಾರು, ಉಪ್ಪು ನೋಡಕ್ಕೆ ಹೆಂಗಿರ್ತದ್ಲಾ?”

ಐದು ನಿಮಿಷದಲ್ಲಿ ಗಫಾರ್ ಹಿತ್ತಿಲ ಬಾಗಿಲಿಂದ ಒಳಕ್ಕೆ ಬಂದ. ಡಬ್ಬಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಹಿಂದಿದ್ದ ಪಿಂಗಾಣಿ ಜಾಡಿಯನ್ನು ಎಳೆದು ಮುಂದಿಟ್ಟ. ರವೆ ಹುರಿದ, ಈರುಳ್ಳಿ ಹೆಚ್ಚಿದ, ಒಗ್ಗರಣೆ ಹಾಕಿದ. ರಂಗಧಾಮಯ್ಯ ಬಾಯಿ ಬಿಟ್ಟುಕೊಂಡು ನೋಡಿದ.

“ನೀನ್ಯಾವಾಗ್ಲಾ ಕಲ್ತೆ ಇದ್ನೆಲ್ಲ?”

“ನನ್ ಹೆಂಡ್ತಿ ಟೀಚರು. ಕೆಹಕಶಾನ್ ಬೆಳಗ್ಗೆ ಏಳುಕ್ಕೆ ಬಸ್ಸಿಗೆ ಹೋದ್ರೆ ಅಡುಗೆ ನಂದೇ ಅಣ್ಣಾ. ಹದಿನಾಲ್ಕು ವರ್ಸ ಆಯ್ತು,” ಎಂದ ಗಫಾರ್, ಉಪ್ಪಿಟ್ಟಿಗೆ ನೀರು ಹುಯ್ಯುತ್ತಾ. “ಹದಿನಾಲ್ಕು ವರ್ಸದಲ್ಲಿ ಒಂದ್ ಲೈಕು ಬಂದಿಲ್ಲ. ನೀನು ಬಾಯಲ್ಲಿ ಹೇಳ್ದೆ, ಐವತ್ತು ಸಾವ್ರ. ಇರ್ಲಿ ಬುಡು, ಕೈ ಆಡ್ಸು, ತಳ ಹಿಡೀತದೆ.”

ಹೀಗೆ ರಂಗಧಾಮಯ್ಯನ ಗುರುಕುಲ ಶುರುವಾಯಿತು. ಒಂದು ವಾರ ಉಪ್ಪಿಟ್ಟೇ ಆಯಿತು. ಎರಡನೆಯ ವಾರ ಗುರುಗಳು ಮುದ್ದೆಗೆ ಕೈ ಹಾಕಿಸಿದರು. ಹದಿನೆಂಟು ವರ್ಷ ಮಾಗಡಿ ತಾಲ್ಲೂಕಿನ ಅರ್ಧಕ್ಕೆ ರಾಗಿ ಹಿಟ್ಟು ಬೀಸಿಕೊಟ್ಟವನು, ಆ ಹಿಟ್ಟು ಎಸರಿಗೆ ಬಿದ್ದ ಮೇಲೆ ಎಷ್ಟು ಹಟ ಮಾಡುತ್ತದೆಂಬುದನ್ನು ಆಗ ಕಂಡ. ಲತಾಮಣಿ ಡೈರಿಯಿಂದ ಬಂದು, ತಟ್ಟೆಯಲ್ಲಿ ಇದ್ದುದನ್ನು ಬಿಡದೆ ಉಣ್ಣುತ್ತಿದ್ದಳು. ಒಮ್ಮೊಮ್ಮೆ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದಳು. ಅದು ಕೆಮ್ಮಲ್ಲ ನಗು ಎಂಬ ಅನುಮಾನ ರಂಗಧಾಮಯ್ಯನಿಗೆ ಬಂದಿತ್ತು, ಆದರೆ ಸಾಕ್ಷಿ ಇರಲಿಲ್ಲ.

ಎರಡನೆಯ ವಾರದ ಶನಿವಾರ ಮಧ್ಯಾಹ್ನ ಮಿಷನ್ನಿನ ಮುಂದೆ ಒಂದು ಆಟೋ ನಿಂತಿತು. ಇಳಿದವನು ಉಯ್ಯಂಬಳ್ಳಿಯ ತಿಮ್ಮಯ್ಯ, ರಂಗಧಾಮಯ್ಯನ ಅಕ್ಕ ಮುನಿಯಮ್ಮನ ಗಂಡ. ಆರಡಿ ಆಳು. ಮೂರು ಬಸ್ಸು ಬದಲಿಸಿ ಬಂದಿದ್ದ, ಬಸ್ಸು ಬದಲಿಸಿದಷ್ಟು ಸಲವೂ ಕೋಪ ಏರಿತ್ತು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

“ಲೇ ರಂಗ! ಏನ್ಲಾ ಬರ್ದಿದ್ದೀಯ ಅದು? ನಿಮ್ಮಕ್ಕ ಕನಕಪುರುಕ್ಕೋಗಿ ಅದ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕುಸ್ಕಂಡ್ ಬಂದು ಅಡುಗೆಮನೆ ಬಾಗ್ಲಿಗೆ ಅಂಟ್ಸವ್ಳೆ ಕಣ್ಲಾ! ‘ನನ್ ತಮ್ಮ ಚಿಂತಕ ಹೇಳವ್ನೆ, ಮಾಡು’ ಅಂತಾಳೆ. ಮುದ್ದೆ ತಿರುವಕ್ಕೋಗಿ ಕೈ ಸುಟ್ಕಂಡೆ. ನೋಡಿಲ್ಲಿ!”

“ಭಾವ, ಒಳಿಕ್ಕೆ ಬನ್ನಿ, ಒಸಿ ಮೆಲ್ಲುಕ್ ಮಾತಾಡಿ.”

“ಯಾಕ್ ಮೆಲ್ಲುಕ್? ನಲವತ್ತು ವರ್ಸದಿಂದ ನೋಡ್ತಿವ್ನಿ ನಿನ್ನ. ನೀರು ಕುಡ್ದ ಲೋಟ ಎತ್ತಿಟ್ಟಿದ್ದೀಯೇನ್ಲಾ ಒಂದಿನ?”

ರಂಗಧಾಮಯ್ಯ ಅವನನ್ನು ಒಳಮನೆಗೆ ಎಳೆದುಕೊಂಡು ಹೋಗಿ, ಕಿವಿಯಲ್ಲಿ ನಡೆದದ್ದೆಲ್ಲ ಹೇಳಿದ. ತಿಮ್ಮಯ್ಯನ ಮುಖ ಹಬ್ಬದ ದಿನದಂತೆ ಅರಳಿತು.

“ಹಂಗಾರೆ ನೀನು ವಿರೋಧ ಅಂದಿದ್ದೆ! ನಡಿ, ಈಗ್ಲೇ ಫೋನ್ ಮಾಡು ನಿಮ್ಮಕ್ಕಂಗೆ. ಎಲ್ರಿಗೂ ಹೇಳು. ಇಲ್ದಿದ್ರೆ ನಾನೇ ಹೇಳ್ತೀನಿ, ಈ ಗೇಟಲ್ಲೇ ನಿಂತ್ಕಂಡು!”

ತಿಮ್ಮಯ್ಯ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟರಲ್ಲಿ ಹೊರಗೆ ಸರ್ಕಾರಿ ಜೀಪೊಂದು ಬಂದು ನಿಂತಿತು. ಜೀಪು ಕಂಡೊಡನೆ ಇಬ್ಬರೂ ಮೇಲೆ ಹೊದ್ದಿದ್ದ ಟವೆಲು ಸರಿಮಾಡಿಕೊಂಡರು. ಇಳಿದವರು ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ನಯನಾ ಮೇಡಂ.

“ರಂಗಧಾಮಯ್ಯನವರ ಮನೆ ಇದೇನಾ? ಚಿಂತಕರು?”

“ನಾನೇ ಮೇಡಂ,” ಎಂದ ರಂಗಧಾಮಯ್ಯ. ಎಷ್ಟೋ ವರ್ಷದಿಂದ ಯಾರಾದರೂ ಕೇಳಲೆಂದು ಅವನು ಕಾಯುತ್ತಿದ್ದ ಪ್ರಶ್ನೆ ಅದು.

“ನಾಳೆ ಬಿಟ್ಟು ಮುಂದಿನ ಭಾನುವಾರ ರಾಮನಗರದಲ್ಲಿ ‘ಸಮಪಾಲಿನ ಸಂಸಾರ’ ಅಂತ ಒಂದು ಸಮಾವೇಶ ಇಟ್ಟಿದ್ದೀವಿ. ನೀವು ಮತ್ತು ನಿಮ್ಮ ಮನೆಯವರು ಇಬ್ಬರೂ ವೇದಿಕೆ ಮೇಲಿರಬೇಕು. ಇಡೀ ಜಿಲ್ಲೆಗೇ ನಿಮ್ಮ ಮನೆ ಮಾದರಿ ಸರ್. ನಿಮ್ಮ ಕೈ ಕಾಫಿ ಕುಡಿದೇ ಹೋಗೋದು ಅಂತ ಬಂದೆ.”

ರಂಗಧಾಮಯ್ಯ ಅಡುಗೆಮನೆಗೆ ಹೋದ. ಕಾಫಿ ಅವನ ಪಠ್ಯದಲ್ಲಿ ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷದ ಮೇಲೆ ಅವನು ತಂದಿಟ್ಟ ಲೋಟದಲ್ಲಿ ಹಾಲಿತ್ತು, ಸಕ್ಕರೆಯಿತ್ತು, ಏಲಕ್ಕಿಯಿತ್ತು, ಒಂದು ಎಲೆ ಪುದೀನ ಕೂಡ ಇತ್ತು. ಕಾಫಿಪುಡಿಯೊಂದು ಸಿಕ್ಕಿರಲಿಲ್ಲ. ನಯನಾ ಮೇಡಂ ಒಂದು ಗುಟುಕು ಕುಡಿದು, ಲೋಟದೊಳಕ್ಕೆ ಒಮ್ಮೆ ಇಣುಕಿ, “ನಿಮ್ಮ ಚಿಂತನೆಯ ಹಾಗೆ ಇದೂ ಭಿನ್ನವಾಗಿದೆ ಸರ್” ಎಂದರು. ಆಮೇಲೆ ಅವರ ದೃಷ್ಟಿ ತಿಮ್ಮಯ್ಯನ ಬೆರಳಿನ ಮೇಲೆ ಬಿತ್ತು. “ಇವರಿಗೇನಾಯ್ತು?”

ರಂಗಧಾಮಯ್ಯ ಭಾವನಿಗೆ ಕಣ್ಸನ್ನೆ ಮಾಡಿದ. ತಿಮ್ಮಯ್ಯ ಬಾಯಿ ತೆರೆದ. ಎಲ್ಲವನ್ನೂ ಹೇಳಿಬಿಡಲೆಂದೇ ತೆರೆದ.

“ನಮ್ದು ಉಯ್ಯಂಬಳ್ಳಿ ಮೇಡಂ, ಅಲ್ಲಿ ಮುದ್ದೆ ತಿರುವಕ್ಕೋಗಿ...”

“ಏನು, ನೀವೂ ಅಡುಗೆ ಮಾಡ್ತೀರಾ?” ನಯನಾ ಮೇಡಂ ಲೋಟ ಕೆಳಗಿಟ್ಟು ಎದ್ದು ನಿಂತರು. “ಈ ವಯಸ್ಸಿನಲ್ಲಿ? ಉಯ್ಯಂಬಳ್ಳಿಯಂಥ ಊರಲ್ಲಿ? ಸರ್, ನಿಮ್ಮಂಥೋರು ಬೆಳಕಿಗೇ ಬರಲ್ವಲ್ಲ!”

ತಿಮ್ಮಯ್ಯನ ಬಾಯಿ ತೆರೆದೇ ಇತ್ತು. ಅರವತ್ತೆರಡು ವರ್ಷದಲ್ಲಿ ಅವನಿಗೆ ಯಾರೂ ಎದ್ದು ನಿಂತು ಸರ್ ಅಂದಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡ, ಎದೆ ಮುಂದೆ ಮಾಡಿದ, ಬಟ್ಟೆ ಸುತ್ತಿದ ಬೆರಳನ್ನು ಎಲ್ಲರಿಗೂ ಕಾಣುವಂತೆ ಮಂಡಿಯ ಮೇಲಿಟ್ಟುಕೊಂಡ.

“ಏನೋ ಮೇಡಂ, ನಮ್ ಕೈಲಾದಷ್ಟು,” ಎಂದ. “ಹೆಣ್ಮಕ್ಳು ಎಷ್ಟ್ ಅಂತ ಮಾಡ್ತವೆ ಪಾಪ.”

ಮೇಡಂ ಅವನ ಹೆಸರನ್ನೂ ಬರೆದುಕೊಂಡು ಹೋದರು. ಜೀಪು ಮರೆಯಾಗುವವರೆಗೆ ಭಾವ ಭಾಮೈದ ಇಬ್ಬರೂ ಕೈ ಮುಗಿದು ನಿಂತಿದ್ದರು. ಗೇಟಿನಲ್ಲಿ ನಿಂತು ಸತ್ಯ ಸಾರುವ ವಿಷಯ ಆಮೇಲೆ ತಿಮ್ಮಯ್ಯನ ಬಾಯಿಂದ ಬರಲಿಲ್ಲ. “ಲೇ, ಶಾಲು ಹೊದ್ದುಸ್ತಾರೇನ್ಲಾ?” ಎಂದಷ್ಟೇ ಕೇಳಿದ.

ಒಂದು ವಾರ ರಂಗಧಾಮಯ್ಯ ಭಾಷಣ ಸಿದ್ಧಮಾಡಿದ. ನಾಲ್ಕು ಪುಟವಾಯಿತು. ಒಂದನೆಯ ಪುಟದಲ್ಲಿ ಸಮಾಜ, ಎರಡನೆಯದರಲ್ಲಿ ತಂತ್ರಜ್ಞಾನ, ಮೂರನೆಯದರಲ್ಲಿ ಸರ್ಕಾರ. ನಾಲ್ಕನೆಯ ಪುಟದಲ್ಲಿ ‘ನನ್ನ ಧರ್ಮಪತ್ನಿ’ ಎಂದು ಬರೆದವನಿಗೆ ಪೆನ್ನು ಮುಂದೆ ಓಡಲಿಲ್ಲ. ನಾನೂರು ಜನರ ಮುಂದೆ ಲತಾಮಣಿಯ ಕೈಗೆ ಮೈಕು ಕೊಟ್ಟು, ನಿಮ್ಮ ಯಜಮಾನರು ಎಂಥವರು ಎಂದು ಕೇಳುತ್ತಾರೆ. ಅವಳು ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ತನ್ನ ಸಲುವಾಗಿ ಹೇಳಬೇಕಾಗುತ್ತದೆ.

ಶನಿವಾರ ಬೆಳಿಗ್ಗೆ ಅವಳು ಡೈರಿಯಿಂದ ಬರುತ್ತಿದ್ದಂತೆಯೇ, ಕೈಯಲ್ಲಿ ಸೌಟು ಹಿಡಿದುಕೊಂಡೇ ಹೇಳಿಬಿಟ್ಟ.

“ಲತಾ, ಒಂದ್ ಮಾತು. ಆ ಬರಹ ನಂದಲ್ಲ. ಅಂದ್ರೆ ನಂದೇ, ಆದ್ರೆ ಅರ್ಧ. ನಾನು ವಿರೋಧ ಅಂದಿದ್ದೆ. ಮಿಷನ್ ಸದ್ದಲ್ಲಿ ಅದು ಮುಳುಗೋಯ್ತು. ನಿಂಗೆ ಮೋಸ ಮಾಡ್ಬುಟ್ಟೆ.”

ಲತಾಮಣಿ ಡೈರಿಯ ಪುಸ್ತಕವನ್ನು ಗೂಡಿನಲ್ಲಿಟ್ಟು, ಕಾಲು ತೊಳೆದುಕೊಂಡು ಬಂದು ಕೂತಳು.

“ಗೊತ್ತು.”

“ಗೊತ್ತಾ?”

“ಪಕ್ಕದಲ್ಲೇ ನಿಂತಿದ್ನಲ್ಲ. ನಿಮ್ ಮಾತು ನಂಗೆ ಪೂರ್ತಿ ಕೇಳಿಸ್ತು. ‘ಹೆಂಡತಿ ಹೊರಗೋಗಿ ನಾಲ್ಕು ಜನ ಮೆಚ್ಚೋ ಕೆಲಸ ಮಾಡ್ಬೇಕು’ ಅಂದ್ರಿ. ಸ್ವಿಚ್ ಹಾಕ್ದೋಳು ನಾನೇ.”

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. “ಬೇಕು ಅಂತ್ಲೇ ಹಾಕ್ದ್ಯಾ?”

“ಯಾರ್ದೋ ರಾಗಿ ಕಾದಿತ್ತು.”

“ಅಷ್ಟೇನಾ?”

“ಅಷ್ಟೇ ಅಂತ ಇಟ್ಕಳಿ,” ಎಂದಳು ಲತಾಮಣಿ. ಆಮೇಲೆ ಅವನ ಕೈಯಿಂದ ಸೌಟು ಇಸಿದುಕೊಂಡು, ಒಂದು ಹನಿ ಅಂಗೈಗೆ ಹಾಕಿ ರುಚಿ ನೋಡಿದಳು. “ಮೋಸ ಅಂತೆ. ಇಪ್ಪತ್ತು ದಿನದಿಂದ ಬೆಳಗ್ಗೆ ಎದ್ದು ಒಲೆ ಹಚ್ತಿರೋರು ಯಾರು? ಪಕ್ಕದ್ಮನೆಯವ್ರಾ? ಉಪ್ಪು ಸರಿಯಾಗೈತೆ ಇವತ್ತು.”

ರಂಗಧಾಮಯ್ಯ ಐವತ್ತು ಸಾವಿರ ಲೈಕುಗಳನ್ನು ಕಂಡವನು. ಆದರೂ ‘ಉಪ್ಪು ಸರಿಯಾಗೈತೆ’ ಎಂಬ ಮಾತಿಗೆ ಅವನ ಕಿವಿ ಕೆಂಪಾಯಿತು. ಗಫಾರನಿಗೆ ಹೇಳಬೇಕೆಂದು ಫೋನು ತೆಗೆದ, ಮತ್ತೆ ಜೇಬಿಗಿಟ್ಟುಕೊಂಡ.

ರಾಮನಗರದ ಸಭಾಂಗಣ ತುಂಬಿಹೋಗಿತ್ತು. ಬಹುಪಾಲು ಹೆಂಗಸರು; ಹಿಂದಿನ ಸಾಲುಗಳಲ್ಲಿ ಕರೆತಂದು ಕೂರಿಸಿದ್ದ ಗಂಡಸರು. ರಂಗಧಾಮಯ್ಯ ನಾಲ್ಕು ಪುಟಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ವೇದಿಕೆ ಹತ್ತಿದ. ಹತ್ತಿ ನೋಡಿದರೆ ಅಲ್ಲಿ ಭಾಷಣದ ಮೈಕಿನ ಬದಲು ಆರು ಗ್ಯಾಸ್ ಒಲೆ, ಆರು ಪಾತ್ರೆ, ಆರು ಮುದ್ದೆ ಕೋಲು.

“ಭಾಷಣ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ ಸರ್,” ಎಂದರು ನಯನಾ ಮೇಡಂ. “ಆರು ಜನ ಮಾದರಿ ಗಂಡಂದಿರು ಮುದ್ದೆ ಮಾಡಿ ತೋರಿಸ್ತೀರಿ. ಅಜ್ಜಿಯವರು ನೋಡಿ ಬಹುಮಾನ ಹೇಳ್ತಾರೆ.”

ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಜ್ಜಿಗೆ ಎಂಬತ್ತು ದಾಟಿತ್ತು. ಮುಖದಲ್ಲಿ ಕನಿಕರದ ಗೆರೆಯೊಂದೂ ಇರಲಿಲ್ಲ.

ರಂಗಧಾಮಯ್ಯ ಟವೆಲು ಸೊಂಟಕ್ಕೆ ಬಿಗಿದು ಎಸರಿಟ್ಟ. ಗುರು ಗಫಾರ್ ಮೂರನೆಯ ಸಾಲಿನಿಂದ ಎರಡೂ ಕೈ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ಹಿಟ್ಟು ಬಿತ್ತು, ಬೆಂದಿತು. ರಂಗಧಾಮಯ್ಯ ಕೋಲು ಹಿಡಿದು, ಹಲ್ಲು ಕಚ್ಚಿ, ಪಾತ್ರೆಯನ್ನು ಬಟ್ಟೆಯಿಂದ ಒತ್ತಿ ಹಿಡಿದು ತಿರುವಿದ. ಗಂಟಿಲ್ಲದೆ ಬಂತು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟ. ಅಜ್ಜಿ ಬರುವಷ್ಟರಲ್ಲಿ ಆ ಮುದ್ದೆ ನಿಧಾನವಾಗಿ ಕಾಲು ಚಾಚಿ, ತಟ್ಟೆಯ ಅಂಚಿನವರೆಗೆ ಹರಡಿ ಮಲಗಿತ್ತು.

ಅಜ್ಜಿ ಬೆರಳಿನಿಂದ ಅದನ್ನು ಒಮ್ಮೆ ಮುಟ್ಟಿದಳು. “ಇದು ಮುದ್ದೆಗೆ ತಂಗಿ, ಅಂಬಲಿಗೆ ಅಕ್ಕ ಕಣಪ್ಪ,” ಎಂದಳು. ಸಭೆಯೆಲ್ಲ ಗೊಳ್ಳೆಂದಿತು. ಅಜ್ಜಿ ಮುಂದಕ್ಕೆ ಹೋಗಿ, ಕಡೆಯ ತಟ್ಟೆಯ ಮುಂದೆ ನಿಂತಳು. ಅಲ್ಲಿದ್ದ ಮುದ್ದೆ ಗುಂಡು ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಅದನ್ನು ಮುರಿದಳು, ಮೂಸಿದಳು, ಸಾರಿಗೆ ಅದ್ದಿ ನುಂಗಿದಳು. “ಹೂಂ,” ಎಂದಳು. ಆ ಅಜ್ಜಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಮುಂದಿನ ಸಾಲಿನವರು ಆಮೇಲೆ ಹೇಳಿದರು.

ಅದು ತಿಮ್ಮಯ್ಯನ ಮುದ್ದೆ. ಮುನಿಯಮ್ಮ ಅವನಿಂದ ದಿನವೂ ತಿರುವಿಸಿದ್ದು ವ್ಯರ್ಥವಾಗಿರಲಿಲ್ಲ.

ಶಾಲು ಹೊದೆಸಿದರು, ಮೈಕು ಕೊಟ್ಟರು. ಮೈಕು ಸಿಕ್ಕಿದ್ದೇ ತಿಮ್ಮಯ್ಯ ಗಂಟಲು ಸರಿಮಾಡಿಕೊಂಡ. “ಗಂಡಸಾದೋನು ಒಲೆ ಹಚ್ಬೇಕು, ಹಿಟ್ಟು ತಿರುವ್ಬೇಕು. ನಾನು ಮೊದ್ಲಿಂದ್ಲೂ ಇದ್ನೇ ಹೇಳ್ಕಂಡ್ ಬಂದಿವ್ನಿ,” ಎಂದು ಶುರುಮಾಡಿದವನು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಸಮಾಜ, ಸರ್ಕಾರ, ತಂತ್ರಜ್ಞಾನ ಎಲ್ಲವೂ ಅದರಲ್ಲಿ ಬಂದವು. ಮುನಿಯಮ್ಮ ಮುಂದಿನ ಸಾಲಿನಲ್ಲಿ ಕೂತು, ಪಕ್ಕದವರಿಗೆಲ್ಲ “ನಮ್ಮನೆಯವ್ರು, ನಮ್ಮನೆಯವ್ರು” ಎಂದು ತೋರಿಸುತ್ತಿದ್ದಳು. ರಂಗಧಾಮಯ್ಯನ ಕೈ ಜೇಬಿನಲ್ಲಿದ್ದ ನಾಲ್ಕು ಪುಟಗಳನ್ನು ಹಿಂಡುತ್ತಿತ್ತು. ಅವನ ಭಾಷಣವನ್ನು ಅವನ ಕಣ್ಣೆದುರೇ ಅವನ ಭಾವ ಪುಕ್ಕಟೆ ಹಂಚುತ್ತಿದ್ದ.

ಕಡೆಗೆ ನಯನಾ ಮೇಡಂ ಲತಾಮಣಿಯನ್ನು ಕರೆದರು. “ಹೇಳಿ ಅಮ್ಮಾ, ನಿಮ್ಮ ಯಜಮಾನರು ಮನೆಯಲ್ಲಿ ಏನೇನು ಮಾಡ್ತಾರೆ?”

ಲತಾಮಣಿ ಮೈಕನ್ನು ಹಾಲಿನ ಕ್ಯಾನಿನ ಹಿಡಿಯಂತೆ ಭದ್ರವಾಗಿ ಹಿಡಿದಳು. ರಂಗಧಾಮಯ್ಯ ನೆಲ ನೋಡಿದ.

“ನಾನು ಬೆಳಗ್ಗೆ ಐದುಕ್ಕೆ ಡೈರಿಗೆ ಹೋಗ್ತೀನಿ. ಅರವತ್ತು ಮನೆ ಹಾಲು ಅಳ್ದು, ಬರ್ಕಂಡು, ವ್ಯಾನಿಗೆ ಹಾಕ್ಸಿ ಮನೆಗೆ ಬರೋ ಹೊತ್ಗೆ ಒಲೆ ಉರೀತಿರ್ತದೆ. ಒಲೆ ಮ್ಯಾಲೆ ಏನೈತೆ ಅಂತ ಮಾತ್ರ ಕೇಳ್ಬ್ಯಾಡಿ. ಇವತ್ತು ಅಜ್ಜಿ ಹೇಳೈತಲ್ಲ.” ಸಭೆ ನಗತೊಡಗಿತು. ಅವಳು ಕಾದಳು. “ಆದ್ರೆ ಒಂದ್ ದಿನಾನೂ ಒಲೆ ಆರಿರಲಿಲ್ಲ. ಅದ್ಕೇ ತಿಂಗಳು ತುಂಬೋಕ್ ಮುಂಚೇನೇ ನಿನ್ನೆ ಡೈರೀಲಿ ನನ್ನ ಖಾಯಂ ಮಾಡುದ್ರು. ಇವ್ರಿಗೂ ಇನ್ನೂ ಹೇಳಿಲ್ಲ. ಇಲ್ಲೇ ಹೇಳಣ ಅಂತ ಇಟ್ಕಂಡಿದ್ದೆ.”

ಚಪ್ಪಾಳೆ ಬಿದ್ದಾಗ ರಂಗಧಾಮಯ್ಯನೂ ತಟ್ಟಿದ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದ. ಅಜ್ಜಿ ತನ್ನ ಕೋಲಿನಿಂದ ಅವನ ಮಂಡಿಗೆ ತಿವಿದ ಮೇಲೆ ನಿಲ್ಲಿಸಿದ.

ಹೊರಗೆ ಬಂದರೆ, ಕ್ಯಾಮೆರಾ ಹಿಡಿದ ಒಬ್ಬ ವರದಿಗಾರ ಅಡ್ಡ ಬಂದ. “ಸರ್, ನೀವೇ ಅಲ್ವಾ ಆ ಚಿಂತಕರು? ಕುಟುಂಬ ನೀತಿ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ ಸರ್. ಎಷ್ಟು ಬೇಕಾದ್ರೂ ಮಾತಾಡಿ.”

ಎಷ್ಟು ಬೇಕಾದರೂ ಮಾತಾಡಿ ಎಂದು ರಂಗಧಾಮಯ್ಯನಿಗೆ ಅವನ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಅವನ ಬಾಯಿ ತೆರೆಯಿತು, ಕೈ ಜೇಬಿನ ಪುಟಗಳ ಕಡೆ ಹೋಯಿತು. ಅಷ್ಟರಲ್ಲಿ ಲತಾಮಣಿ ಗಡಿಯಾರ ನೋಡಿಕೊಂಡಳು.

“ಈಗೆಲ್ಲಪ್ಪ ಅಭಿಪ್ರಾಯ,” ಎಂದ ರಂಗಧಾಮಯ್ಯ. “ಐದೂವರೆಗೆ ಹಾಲು ಅಳೀಬೇಕು. ಈ ಮಾಗಡಿ ಬಸ್ಸು ಹೋದ್ರೆ ಇನ್ನೊಂದು ಬರೋ ಹೊತ್ಗೆ ಅರವತ್ತು ಮನೆಯವ್ರು ಕ್ಯಾನ್ ಹಿಡ್ಕಂಡು ನಿಂತಿರ್ತಾರೆ. ಬಾ ಲತಾ, ಬಿರ್ನೆ.”

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಟಿಕೆಟ್ಟು ಹರಿಯುತ್ತಾ ಬಂದವನು ಲತಾಮಣಿಯ ಮುಖ ನೋಡಿ ನಿಂತ.

“ಕಲ್ಲುಕಟ್ಟೆ ಡೈರಿ ಸೆಕ್ರೆಟರಿ ಮೇಡಂ ಅಲ್ವಾ? ಏನ್ ಮೇಡಂ, ನಿಂತಿದ್ದೀರಾ! ನಮ್ಮವ್ವ ದಿನಾ ಹೇಳ್ತದೆ, ಅದ್ರ ಎಮ್ಮೆ ಹಾಲು ಎಷ್ಟ್ ಗಟ್ಟಿ ಅಂತ ಡಿಗ್ರಿ ಸರಿಯಾಗಿ ನೋಡಿ ಬರ್ಕಂಡೋರು ನೀವೇ ಮೊದ್ಲಂತೆ.” ಅವನು ಮುಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗರನ್ನು ಎಬ್ಬಿಸಿದ. ಲತಾಮಣಿ ಕೂತಳು. ಕಂಡಕ್ಟರು ರಂಗಧಾಮಯ್ಯನನ್ನು ಮೇಲಿಂದ ಕೆಳಕ್ಕೆ ನೋಡಿದ. “ಇವ್ರು?”

“ನಮ್ಮನೆಯವ್ರು,” ಎಂದಳು ಲತಾಮಣಿ. ಆ ಮಾತನ್ನು ಅವಳು ಬಸ್ಸಿನ ಅರ್ಧಕ್ಕೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

“ಹಂಗಾ? ಮೇಡಂ ಯಜಮಾನ್ರು! ಬನ್ನಿ ಸರ್, ಇಲ್ಲೇ ಪಕ್ಕದಲ್ಲಿ ಜಾಗ ಐತೆ, ಕುಂತ್ಕಳಿ.”

ರಂಗಧಾಮಯ್ಯ ಮೇಲಿನ ಸರಳನ್ನು ಎರಡು ಕೈಯಲ್ಲೂ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಬಸ್ಸಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದ. ಎಷ್ಟೋ ಜನ ತಿರುಗಿ ಅವನನ್ನೇ ನೋಡುತ್ತಿದ್ದರು.

“ಬ್ಯಾಡಪ್ಪ,” ಎಂದ. “ನಿಂತಿದ್ರೇನೇ ಎಲ್ರಿಗೂ ಕಾಣ್ತೀನಿ.”